ಮೋರಿಗುಂಡಿಯ ಮೀನುಗಳು

ಜನವರಿ 11, 1998, ಭಾನುವಾರ

ಈ ಒಂದು ಮಾತನ್ನು ಬರೆಯದೆ ಬಿಟ್ಟುಬಿಡುವವಳಿದ್ದೆ. ಪುಸ್ತಕ ಮುಚ್ಚಿಯೂ ಆಗಿತ್ತು. ನಾನೊಬ್ಬಳೇ ಓದುವ ಪುಟದಲ್ಲೂ ಮುಚ್ಚಿಟ್ಟರೆ ಇನ್ನೆಲ್ಲಿ ಹೇಳುವುದು ಅನ್ನಿಸಿ ಮತ್ತೆ ತೆರೆದೆ. ಇವತ್ತು ನನಗೆ ಹೊಟ್ಟೆಕಿಚ್ಚಾಯಿತು. ನಲವತ್ನಾಲ್ಕರ ವಯಸ್ಸಿನಲ್ಲಿ. ಯಾರೋ ಒಬ್ಬ ಹೆಂಗಸು ನಮ್ಮಪ್ಪನ ಗಾಳಕ್ಕೆ ದಾರ ಕಟ್ಟಿಕೊಟ್ಟಳು, ಅಷ್ಟಕ್ಕೆ.

ಅಪ್ಪ ಬೆಳಗಿನ ಮಾತ್ರೆ ಮರೆತು ಹೊಳೆಗೆ ಹೋಗಿದ್ದರು. ಅಮ್ಮ ಹೋದ ಮೇಲೆ ಬೆಂಗಳೂರಿನ ಕೆಲಸ ಬಿಟ್ಟು, ರಾಮನಗರದ ಶಾಲೆಗೆ ಸೇರಿ, ಅವರ ಜೊತೆ ಇರತೊಡಗಿ ಎಂಟು ತಿಂಗಳು. ಭಾನುವಾರ ಭಾನುವಾರ ಅವರು ಕೂರುವ ಜಾಗವನ್ನು ನಾನು ನೋಡಿರಲಿಲ್ಲ. ಅದಕ್ಕೆ ಮೋರಿಗುಂಡಿ ಅನ್ನುತ್ತಾರೆ. ದಡದ ಮೇಲೆ ರೇಷ್ಮೆ ನೂಲು ತೆಗೆಯುವ ಶೆಡ್ಡುಗಳ ಸಾಲು. ಅವುಗಳ ಮೋರಿ ಅರ್ಕಾವತಿಗೆ ಬಂದು ಬೀಳುವಲ್ಲಿ, ಬಂಡೆಗಳ ನಡುವೆ ಒಂದು ಮಡು. ಮೂವರು ಮುದುಕರು ಮೂರು ಬಂಡೆ ಹಿಡಿದು ಕೂತಿದ್ದರು: ಅಪ್ಪ, ಆ ಸಾಲಿನ ಒಂಬತ್ತನೇ ಶೆಡ್ಡಿನ ಖಾಸಿಂ ಸಾಬರು, ಆಚೆ ದಡದ ತೆಂಗಿನತೋಟದ ದೊಡ್ಡಹನುಮಯ್ಯ. ಮೀನು ಯಾಕೆ ಕಡಿಮೆಯಾಯಿತು ಎಂಬ ಜಗಳ ನಡೆದಿತ್ತು. ಉಪವಾಸದ ತಿಂಗಳಾದ್ದರಿಂದ ಖಾಸಿಂ ಸಾಬರು ಒಣಗಿದ ತುಟಿಯಲ್ಲೇ ವಾದಿಸುತ್ತಿದ್ದರು.

"ಮದ್ದು ಕಣ್ರಯ್ಯಾ, ಮದ್ದು. ಕ್ವಾರಿಯವ್ರು ಬಂಡೆಗಿಟ್ಟು ಉಳುದಿದ್ನ ತಂದು ಹೊಳೇಲಿ ಸಿಡ್ಸುದ್ರು. ಮರಿ ಮೊಟ್ಟೆ ಏನೂ ಉಳೀನಿಲ್ಲ."

"ಮದ್ದಲ್ಲ ಸಾಬ್ರೇ, ಮೇಲ್ಗಡೆ ಕಟ್ಟೆ ಕಟ್ಟುದ್ರಲ್ಲ, ಅದು. ನೀರೇ ಬರ್ದೆ ಮೀನೇನ್ ಬಿಡದಿಯಿಂದ ಬಸ್ಸತ್ಕೊಂಡ್ ಬತ್ತದಾ?" ಎಂದರು ದೊಡ್ಡಹನುಮಯ್ಯ.

"ಮರಳು ಕಣ್ರಲಾ," ಎಂದರು ಅಪ್ಪ. "ಲಾರಿಗಟ್ಲೆ ತುಂಬ್ಕೊಂಡೋದ್ರೆ ಗೆಂಡೆಮೀನು ಮೊಟ್ಟೆ ಎಲ್ಲಿಕ್ತದೆ, ನಿಮ್ಮಪ್ಪನ್ ತಲೆ ಮೇಲಾ?"

"ಎಪ್ಪತ್ತೆರಡ್ನೇ ಇಸ್ವೀಲಿ ನಾನ್ ಹಿಡ್ದ ಬಾಳೆಮೀನು ಇತ್ತಲ್ಲ..."

"ಹೋದ್ ವರ್ಸ ಮೊಣಕಾಲ್ಗಂಟ ಇತ್ತು, ಈ ವರ್ಸ ಸೊಂಟಕ್ಕೆ ಬಂದೈತೆ," ಎಂದರು ಖಾಸಿಂ ಸಾಬರು. "ಸತ್ಮೇಲೂ ಬೆಳೆಯೋ ಮೀನು ನಿಂದೊಂದೇ ಕಣ್ಲಾ ಹನುಮ."

ಅಷ್ಟರಲ್ಲಿ ಖಾಸಿಂ ಸಾಬರ ಸೊಸೆ ಇಸ್ಮತ್ ಶೆಡ್ಡಿನಿಂದ ಇಳಿದು ಬಂದಳು. ಬಿಸಿನೀರಲ್ಲಿ ಗೂಡು ಕಲಕಿ ಕಲಕಿ ಬೆರಳು ಬಿಳಿಚಿ ಸುಕ್ಕಾಗಿದ್ದವು. ಕೈಯಲ್ಲಿ ತಗಡಿನ ಡಬ್ಬಿ, ಅದರ ತುಂಬ ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಬೆಂದ ಹುಳ. ಇಲ್ಲಿ ಗಾಳಕ್ಕೆ ಸಿಕ್ಕಿಸುವುದು ಅದನ್ನೇ. ಅಪ್ಪ ದಾರದ ತುದಿಯನ್ನು ಅವಳತ್ತ ಚಾಚಿದರು, ಮಗು ಗುಂಡಿ ಹಾಕಿಸಿಕೊಳ್ಳಲು ಎದೆ ಚಾಚುವ ಹಾಗೆ.

"ಒಸಿ ಬಿಗಿಯಾಗ್ ಕಟ್ಟವ್ವಾ. ಕಣ್ಗೆ ಮಂಜ್ಮಂಜಾಗ್ ಕಾಣ್ತದೆ."

"ಅಲ್ಲಾಡ್ಬೇಡಿ ಅಪ್ಪಾಜಿ, ಮುಳ್ಳು ಚುಚ್ತದೆ."

ಕಣ್ಣು ಮಂಜಾಗಿದೆಯೆಂದು ನನಗೆ ಹೇಳಿರಲಿಲ್ಲ. ಮಾತ್ರೆ ಕೊಟ್ಟು ಬಂದುಬಿಟ್ಟೆ.

ಜನವರಿ 13, ಮಂಗಳವಾರ

ಕಣ್ಣಿನ ವಿಷಯ ಕೇಳಿದೆ. ಪೊರೆಯಂತೆ. ನವೆಂಬರಿನಲ್ಲೇ ಖಾಸಿಂ ಸಾಬರ ಮಗ ಇದ್ರೀಸ್ ಸ್ಕೂಟರಿನಲ್ಲಿ ಚನ್ನಪಟ್ಟಣದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದನಂತೆ. "ನಿನಗೆ ಶಾಲೆಯ ಕೆಲಸವಿರುತ್ತದೆ, ತೊಂದರೆ ಯಾಕೆಂದು ಹೇಳಲಿಲ್ಲ," ಎಂದರು.

ಈ ವಾಕ್ಯವನ್ನು ಅವರು ಹೇಳಿದ ಹಾಗೆಯೇ ಬರೆದಿದ್ದೇನೆ. ಹೊಳೆಯ ಹತ್ತಿರ ಅವರಿಗೆ ಬೇರೆಯೇ ನಾಲಗೆಯಿದೆ. ನನ್ನ ಜೊತೆ ಮಾತ್ರ ಹೀಗೆ, ಬಂದ ನೆಂಟರೊಡನೆ ಆಡುವ ಹಾಗೆ. ಇದು ಯಾವಾಗ ಶುರುವಾಯಿತು? ಆರನೇ ವಯಸ್ಸಿಗೆ ನನ್ನನ್ನು ಮೈಸೂರಿನ ಇಂಗ್ಲಿಷ್ ಶಾಲೆಯ ಹಾಸ್ಟೆಲಿಗೆ ಬಿಟ್ಟರು. ಎರಡನೇ ಬೇಸಿಗೆ ರಜೆಯಲ್ಲಿ ಬಂದಾಗ, ಅವರು 'ಐತೆ' ಅಂದದ್ದಕ್ಕೆ ನಾನು ನಕ್ಕಿದ್ದೆ. ಆಮೇಲೆ ನನ್ನ ಜೊತೆ ಅವರು ಆ ಮಾತು ಆಡಿದ್ದು ನೆನಪಿಲ್ಲ.

ಎಂಟು ವರ್ಷದ ಹುಡುಗಿಯ ನಗು. ಅದಕ್ಕೆ ಇಷ್ಟು ವರ್ಷವೆ?

ಜನವರಿ 18, ಭಾನುವಾರ

ಇವತ್ತು ಅಪ್ಪ ನನ್ನನ್ನು ಮೋರಿಗುಂಡಿಗೆ ಕರೆಸಿಕೊಂಡರು. ಸಂತೋಷವಾಯಿತು, ಒಪ್ಪಿಕೊಳ್ಳುತ್ತೇನೆ.

ಹೊಳೆ ಯಾಕೆ ಕೆಟ್ಟಿತು, ಮೀನು ಯಾಕೆ ಕಡಿಮೆಯಾಯಿತು ಎಂದು ವಿಚಾರಿಸಲು ಬೆಂಗಳೂರಿನಲ್ಲಿ ಒಂದು ಸಮಿತಿ ಆಗಿದೆಯಂತೆ. ಗೊತ್ತಿದ್ದವರು ಮಾರ್ಚ್ 31ರೊಳಗೆ ಬರೆದು ಕಳಿಸಬಹುದು. ತಪ್ಪು ದಡದ ಶೆಡ್ಡುಗಳದ್ದೆಂದು ಕಂಡರೆ ಹದಿನಾಲ್ಕನ್ನೂ ಎತ್ತಿಸುತ್ತಾರೆಂಬ ಸುದ್ದಿಯೂ ಇದೆ. ಬೇರೆ ಜಾಗ ಕೊಡುವ ಮಾತು ಯಾರೂ ಆಡಿಲ್ಲ.

"ನಲ್ವತ್ ವರ್ಸದಿಂದ ಇಲ್ ಕುಂತಿರೋರು ನಾವು. ನಾವ್ ಬರೀದೆ ಇನ್ಯಾರ್ ಬರೀಬೇಕು?" ಎಂದರು ಖಾಸಿಂ ಸಾಬರು. "ಇಂಗ್ಲೀಷ್ನಾಗೆ ಬರದ್ರೆ ಸಾಹೇಬ್ರು ಎದ್ದು ಕುಂತು ಓದ್ತಾರೆ. ಟೀಚರಮ್ಮ, ನೀವೇ ಬರ್ಕೊಡ್ಬೇಕು."

"ಏನಂತ ಬರೀತಾರೆ? ಮದ್ದು ಅಂತಾನೋ ಕಟ್ಟೆ ಅಂತಾನೋ?" ದೊಡ್ಡಹನುಮಯ್ಯನವರಿಗೆ ಅದೇ ಚಿಂತೆ.

ಅಭಿಪ್ರಾಯ ಸಾಲದು, ಆಧಾರ ಬೇಕು ಎಂದೆ. ಅಪ್ಪ ಮನೆಗೆ ಬಂದವರೇ ಪೆಟ್ಟಿಗೆಯಿಂದ ಒಂಬತ್ತು ನೋಟ್‌ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. 1958ರಿಂದ ಪ್ರತಿ ಭಾನುವಾರ ಮೂವರ ಬೇಟೆ: ಯಾವ ಮೀನು, ಎಷ್ಟು, ಏನು ಸಿಕ್ಕಿಸಿದ್ದು. ಹಿಪ್ಪುನೇರಳೆ ತೋಟ ನೋಡಿಕೊಂಡು, ಗೂಡು ಮಾರಲು ಸಂತೆಗೆ ಓಡಾಡಿಕೊಂಡು ಇದನ್ನು ಯಾವಾಗ ಬರೆಯುತ್ತಿದ್ದರೋ. ಗಾಳದ ದಾರವನ್ನು ಯಾರು ಬೇಕಾದರೂ ಕಟ್ಟಲಿ. ಇದನ್ನು ಗ್ರಾಫ್ ಮಾಡಬಲ್ಲವಳು ಈ ಹೊಳೆದಂಡೆಯಲ್ಲಿ ನಾನೊಬ್ಬಳೇ.

ಜನವರಿ 25, ಭಾನುವಾರ

ಗ್ರಾಫ್ ಮುಗಿಯಿತು. ಮೂವರಿಗೂ ಸೇರಿ ಭಾನುವಾರಕ್ಕೆ ಸರಾಸರಿ ಹನ್ನೊಂದು ಮೀನು. ಮೂವತ್ಮೂರು ವರ್ಷ ಗೆರೆ ಏರಿಳಿದುಕೊಂಡು ಅಲ್ಲೇ ಹೋಗುತ್ತದೆ. 1992ರಲ್ಲಿ ರಾಮದೇವರ ಬೆಟ್ಟದ ಅಂಚಿನಂತೆ ಕಡಿದು ಬೀಳುತ್ತದೆ: ನಾಲ್ಕು, ಮೂರು, ಎರಡು. ಆ ವರ್ಷ ಏನಾಯಿತೆಂದು ಅಪ್ಪನನ್ನು ಕೇಳಿದೆ. ಯೋಚಿಸಿ, ದಡದಲ್ಲಿ ಐದೇ ಶೆಡ್ಡಿದ್ದವು, ಆ ವರ್ಷ ಹದಿನಾಲ್ಕಾದವು ಎಂದರು. ಹೇಳಿದ ಮೇಲೆ ಮುಖ ಸಪ್ಪಗಾಯಿತು.

ನನಗೆ ಮಾತ್ರ ಗಣಿತದ ಉತ್ತರ ಸರಿಬಂದ ಖುಷಿ. ಖುಷಿಗೆ ಕಾರಣ ಉತ್ತರವೋ, ಒಂಬತ್ತನೇ ಶೆಡ್ಡೋ? ಪ್ರಶ್ನೆ ಬರೆದಿಟ್ಟಿದ್ದೇನೆ. ಉತ್ತರ ಬರೆಯುವುದಿಲ್ಲ.

ನೋಟ್‌ಪುಸ್ತಕಗಳಲ್ಲಿ ನನ್ನ ರಜೆಯ ತಿಂಗಳುಗಳನ್ನೂ ತೆಗೆದು ನೋಡಿದೆ. 1961 ಮೇ: ಕೊರವ 3, ಗೆಂಡೆ 7. 1963 ಮೇ: ಬಾಳೆ 1, ಗೆಂಡೆ 9. ನಾನು ಮನೆಯಲ್ಲಿದ್ದೆ. ಅವರು ಹೊಳೆಯಲ್ಲಿದ್ದರು.

ಜನವರಿ 31, ಶನಿವಾರ

ನಿನ್ನೆ ರಂಜಾನ್. ಖಾಸಿಂ ಸಾಬರ ಸೊಸೆ ಇವತ್ತು ಹಬ್ಬದ ಶಾವಿಗೆ ಪಾಯಸ, ಸುರಕುಂಬ ತಂದಿದ್ದಳು. ಅಪ್ಪ ಲೋಟ ಕೆಳಗಿಡುವ ಮೊದಲೇ ಗ್ರಾಫ್ ತೋರಿಸಿದರು, ನನ್ನನ್ನು ಕೇಳದೆ. "ನೋಡು, ನಮ್ ಪಂಕಜಾ ಮಾಡಿರದು." 'ನಮ್ ಪಂಕಜಾ' ಎಂಬುದನ್ನು ಸವಿಯುವಷ್ಟರಲ್ಲಿ ಅವಳು ಕಡಿದುಬಿದ್ದ ಗೆರೆಯ ಮೇಲೆ ಬೆರಳಿಟ್ಟಳು. ಓದಿರುವುದು ಉರ್ದು ಶಾಲೆಯಲ್ಲಿ ಏಳನೇ ತರಗತಿ.

"ಇದ್ಯಾವ್ ವರ್ಸ ಟೀಚರಮ್ಮ?"

"ತೊಂಬತ್ತೆರಡು."

"ಅದು ನಮ್ ಮುನ್ನೀ ಹೊಟ್ಟೇಲಿದ್ದ ವರ್ಸ." ಬೆರಳನ್ನು ಗೆರೆಯ ಗುಂಟ ಕೆಳಕ್ಕೆಳೆದಳು. "ಆವಾಗ್ಲೇ ಹುಳದ ಟೆಂಪೋ ಬರಾಕ್ ಶುರುವಾಗಿದ್ದು."

"ಯಾವ ಟೆಂಪೋ?"

"ಕೋಳಿ ಮೇವಿಗೆ ಹುಳ ಒಯ್ಯೋದು. ಅದಕ್ ಮುಂಚೆ ಹುಳ ಯಾರ್ಗ್ ಬೇಕಿತ್ತು? ದಿನಾ ಬೆಳಗ್ಗೆ ಮಂಕರಿ ಮಂಕರಿ ಮೋರಿಗ್ ಸುರೀತಿದ್ವಿ. ಆ ನಾತಕ್ಕೆ ನಂಗೆ ಒಂದೇ ವಾಂತಿ. ಶೆಡ್ಡು ಜಾಸ್ತಿ ಆಗಿದ್ಕೆ ಟೆಂಪೋದವ್ನು ಬಂದ, ಎಲ್ಲಾ ತುಂಬ್ಕೊಂಡೋದ. ಸದ್ಯ ಬದುಕ್ದೆ ಅಂದ್ಕೊಂಡೆ." ಅಪ್ಪನ ಕಡೆ ತಿರುಗಿದಳು. "ಅಪ್ಪಾಜಿ, ಹೊಳೆ ಮೀನೆಲ್ಲಾ ಮೋರಿಗುಂಡಿಗೆ ಬತ್ತಿದ್ದುದ್ದೇ ಆ ಹುಳ ತಿನ್ನಾಕಲ್ವಾ? ಊಟ ಹಾಕೋದ್ ನಿಲ್ಸುದ್ರೆ ನೆಂಟ್ರು ಯಾಕ್ ಬತ್ತಾರೆ?"

ಅಪ್ಪ ತೊಡೆ ತಟ್ಟಿಕೊಂಡು ನಕ್ಕರು. "ಎಲಾ ಇವ್ಳ! ನಲ್ವತ್ ವರ್ಸ ಮದ್ವೆಮನೆ ಬಾಗ್ಲಲ್ ಕುಂತು, ಊರಲ್ ಜನ ಎಷ್ಟವ್ರೆ ಅಂತ ಎಣ್ಸಿವ್ನಲ್ಲವ್ವಾ ನಾನು!" ಅವರು ಅಷ್ಟು ನಕ್ಕಿದ್ದನ್ನು ನಾನು ಕಂಡಿಲ್ಲ. ತಮ್ಮ ನಲವತ್ತು ವರ್ಷದ ದಾಖಲೆ ಬಿದ್ದುಹೋದದ್ದಕ್ಕೆ ನಗು.

ನನಗೆ ನಗು ಬರಲಿಲ್ಲ. "ಅದಕ್ಕೆ ಪುರಾವೆ ಬೇಕಾಗುತ್ತದೆ," ಎಂದೆ. ತರಗತಿಯಲ್ಲಿ ಹಿಂದಿನ ಬೆಂಚಿನವರ ಬಾಯಿ ಮುಚ್ಚಿಸುವ ದನಿ ಅದು. ನನಗೆ ಗೊತ್ತು.

ಫೆಬ್ರವರಿ 3, ಮಂಗಳವಾರ

ಅರ್ಜಿ ಬರೆದು ಮುಗಿಸಿದೆ. ಎರಡು ಪುಟ, ಜೊತೆಗೆ ಗ್ರಾಫ್. ಟೆಂಪೋದ ಮಾತು ಸೇರಿಸಿಲ್ಲ. ಅದು ಊಹೆ. ಊಹೆಯನ್ನು ಸೇರಿಸಿದರೆ ಅರ್ಜಿಯ ತೂಕ ಕಡಿಮೆಯಾಗುತ್ತದೆ.

ಫೆಬ್ರವರಿ 8, ಭಾನುವಾರ

ಗಾಳದ ಕೋಲನ್ನು ಅವಳಿಗೆ ಕೊಟ್ಟುಬಿಟ್ಟರು.

ಕೋಡಿಹಳ್ಳಿ ಕಡೆಯ ಕಾಡಿನ ಬಿದಿರು. ನಾನು ಹುಟ್ಟುವ ಮೊದಲು ಅಪ್ಪ ತಾವೇ ಆರಿಸಿ, ಎಣ್ಣೆ ಸವರಿ, ಹೊಗೆಗೆ ಹಿಡಿದು ಹದ ಮಾಡಿದ್ದು. ನಮ್ಮ ಮನೆಯ ಅಟ್ಟದಲ್ಲಿ ಅದಕ್ಕೊಂದು ಜಾಗವಿತ್ತು, ಮುಟ್ಟಿದರೆ ಬೈಗುಳ. ಇವತ್ತು ನನ್ನೆದುರೇ, "ತಗೊಳವ್ವಾ, ನನ್ ಕೈ ನಡುಗ್ತದೆ, ನಂಗೆ ಆ ಗಿಡ್ಡ ಕೋಲೇ ಸಾಕು," ಅಂದರು. ಅವಳು ಬೇಡ ಬೇಡ ಅನ್ನುತ್ತಲೇ ತೆಗೆದುಕೊಂಡಳು. ಮೊದಲ ಬೀಸಿಗೇ ದಾರ ಅಲ್ಲಾಡದೆ ಹೋಗಿ ಮಡುವಿನ ನಡುವೆ ಬಿತ್ತು. ಬಿದ್ದ ಸದ್ದೂ ಕೇಳಲಿಲ್ಲ. ನೋಡಲು ಎಷ್ಟು ಚೆನ್ನಾಗಿತ್ತು ಎಂಬುದೇ ನನಗೆ ತಡೆಯಲಾಗದ್ದು.

"ನಮ್ ಮನೇಲಿ ಅಕ್ಕಿ ಬೇಯ್ಸೋದ್ಕಿಂತ ಮೀನ್ ಹಿಡಿಯೋದ್ ಚೆನ್ನಾಗ್ ಬತ್ತದೆ ಇವ್ಳಿಗೆ," ಎಂದರು ಖಾಸಿಂ ಸಾಬರು.

"ಅನ್ನ ಮುದ್ದೆಯಾದ್ರೆ ನುಂಗ್ಬೋದು ಮಾವಾ, ಮೀನ್ ತಪ್ಪುದ್ರೆ ಏನ್ ನುಂಗ್ತೀರಾ?"

ಎಲ್ಲರೂ ನಕ್ಕರು. ನಾನೂ ನಗುವ ಹಾಗೆ ಮುಖ ಮಾಡಿದೆ.

ನನಗೆ ಇಂಗ್ಲಿಷ್ ಕೊಟ್ಟರು. ಕೇಳಿದ ಪುಸ್ತಕ, ಕೇಳಿದ ಕಾಲೇಜು ಕೊಟ್ಟರು. ಮದುವೆ ಬೇಡ ಅಂದಾಗ ಒಂದು ಮಾತೂ ಆಡಲಿಲ್ಲ. ಇಷ್ಟೆಲ್ಲ ಪಡೆದವಳು ಒಂದು ಬಿದಿರು ಕೋಲಿಗೆ ಅಳುತ್ತಾಳೆಂದರೆ ಯಾರಾದರೂ ನಂಬುತ್ತಾರೆಯೆ? ನನಗೆ ಮೀನು ಹಿಡಿಯುವ ಆಸೆಯೂ ಇಲ್ಲ. ಎಣ್ಣೆ ಸವರಿದ ಆ ಕೈ ಒಂದು ಸಲವಾದರೂ ನನ್ನ ಕೈ ಹಿಡಿದು, ಹೀಗೆ ಬೀಸು ಅನ್ನಬೇಕಿತ್ತು.

ಫೆಬ್ರವರಿ 15, ಭಾನುವಾರ

ನೇರವಾಗಿ ಬರೆಯುತ್ತೇನೆ.

ಈ ವಾರ ಯಾರೋ ಬಂದು ಶೆಡ್ಡುಗಳ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದಾರೆ. ಇದ್ರೀಸ್ ಹೊಳೆಗೆ ಬಂದು ಕೈಕಟ್ಟಿ ನಿಂತಿದ್ದ. "ಟೀಚರಮ್ಮ, ನಿಮ್ ಅರ್ಜಿ ಒಂದೇ ಈಗ ನಮ್ಗೆ ದಿಕ್ಕು. ಏನ್ ಬರ್ದಿದೀರಾ, ಒಸಿ ಓದಿ ಹೇಳಿ."

ಓದಿದೆ. ಇಂಗ್ಲಿಷಿನಲ್ಲಿ ನೋಡುತ್ತ, ಕನ್ನಡದಲ್ಲಿ ಹೇಳುತ್ತ. ಮದ್ದು ಬಂತು, ಖಾಸಿಂ ಸಾಬರು ತಲೆದೂಗಿದರು. ಕಟ್ಟೆ ಬಂತು, ದೊಡ್ಡಹನುಮಯ್ಯನವರು ಮೀಸೆ ನೇವರಿಸಿಕೊಂಡರು. ಮರಳು ಬಂತು. ಎರಡನೇ ಪುಟದ ಮೂರನೇ ಪ್ಯಾರಾದಲ್ಲಿ ಒಂದು ವಾಕ್ಯವಿದೆ: 1992ರ ಕುಸಿತಕ್ಕೆ ದಡದ ರೇಷ್ಮೆ ಶೆಡ್ಡುಗಳು ಹೆಚ್ಚಿದ್ದೇ ಮುಖ್ಯ ಕಾರಣವೆಂದು ದಾಖಲೆಗಳಿಂದ ಕಾಣುತ್ತದೆ. ಆ ವಾಕ್ಯದ ಮೇಲೆ ಕಣ್ಣು ಹಾಯಿಸಿ, ಹೇಳದೆ, ಮುಂದಿನದಕ್ಕೆ ಹೋದೆ. ದನಿ ನಡುಗಲಿಲ್ಲ.

"ನಾನ್ ಹೇಳಿದ್ದು ಅದ್ರಲ್ಲೈತಾ? ಟೆಂಪೋದ್ದು?" ಅವಳು ಕೇಳಿದಳು.

"ಎಲ್ಲ ಸೇರಿಸಿದ್ದೇನೆ."

ಮೂವರೂ ಸಹಿ ಮಾಡಿದರು. ಖಾಸಿಂ ಸಾಬರು ಪೆನ್ನು ಹಿಡಿಯುವ ಮೊದಲು ಕೈ ತೊಳೆದುಕೊಂಡು ಬಂದರು. ತಮ್ಮ ಒಲೆಗೆ ತಾವೇ ನೀರು ಸುರಿಯುವ ಕಾಗದದ ಕೆಳಗೆ, ಉರ್ದುವಿನಲ್ಲಿ, ನಿಧಾನವಾಗಿ, ಚಿತ್ತಿಲ್ಲದಂತೆ ಹೆಸರು ಬರೆದರು. ಇಸ್ಮತ್‌ಳನ್ನು ಸಹಿಗೆ ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಫೆಬ್ರವರಿ 18, ಬುಧವಾರ

ಅಂಚೆಗೆ ಹಾಕಿಲ್ಲ. ಪ್ರಶ್ನೆಪತ್ರಿಕೆ ತಯಾರಿಸುವ ಗಡಿಬಿಡಿ.

ಫೆಬ್ರವರಿ 20, ಶುಕ್ರವಾರ

ಹಾಕಿಲ್ಲ.

ಫೆಬ್ರವರಿ 22, ಭಾನುವಾರ

ಇಸ್ಮತ್ ಮನೆಯ ಬಾಗಿಲಿಗೇ ಬಂದಿದ್ದಳು. ಚಪ್ಪಲಿ ಬಿಟ್ಟು ಒಳಗೆ ಬಾ ಅಂದರೂ ಬರಲಿಲ್ಲ, ಮೈಯೆಲ್ಲ ಹುಳದ ವಾಸನೆ ಎಂದಳು.

"ಪುರಾವೆ ಬೇಕು ಅಂದಿದ್ರಲ್ಲ ಟೀಚರಮ್ಮ. ಇವತ್ನಿಂದ ಶುರು ಮಾಡಿವ್ನಿ. ನಮ್ಮ ಹುಳ, ಅಕ್ಕಪಕ್ಕದ್ ಎರಡ್ ಶೆಡ್ಡಿನ್ ಹುಳ ಟೆಂಪೋಗ್ ಹಾಕಲ್ಲ. ಎರಡ್ ವಾರ ದಿನಾ ಬೆಳಗ್ಗೆ ಮುಂಚಿನ್ ಹಂಗೇ ಮೋರಿಗ್ ಸುರೀತೀವಿ. ಇವತ್ತು ಮೂರೂ ಜನಕ್ಕೂ ಸೇರಿ ಎರಡು ಮೀನ್ ಸಿಕ್ತು. ಬರ್ಕೊಳಿ. ಮಾರ್ಚ್ ಎಂಟಕ್ಕೆ ನೀವೇ ಬಂದು ಎಣ್ಸಿ. ನಾವೇ ಎಣ್ಸುದ್ರೆ ನಂಬಲ್ಲ ಅವ್ರು."

'ಅವರು' ಅಂದದ್ದು ಸಮಿತಿಯವರನ್ನು. ಅವಳ ಮುಖದಲ್ಲಿ ಬೇರೆ ಯಾವ ಅರ್ಥವೂ ಇರಲಿಲ್ಲ.

ನನ್ನ ತರಗತಿಯ ಮಕ್ಕಳಿಗೆ ಪ್ರಯೋಗ ಅಂದರೇನೆಂದು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ.

ಮಾರ್ಚ್ 1, ಭಾನುವಾರ

ಅಪ್ಪ ಮೂರು ಸಲ ಕೇಳಿದರು, ಅರ್ಜಿ ಹೋಯಿತೆ ಎಂದು. ಇಲ್ಲ ಅಂದೆ. ಯಾಕೆ ಅನ್ನಲಿಲ್ಲ.

ಮಾರ್ಚ್ 8, ಭಾನುವಾರ

ಏಳು ಗಂಟೆಗೇ ಹೋದೆ. ಹುಳ ಸುರಿಯುವುದನ್ನು ನೋಡಿದೆ. ಕಂದು ಬಣ್ಣದ ಹುಳಗಳು ಮೋರಿಯ ಬಾಯಿಂದ ಜಾರಿ ಮಡುವಿಗೆ ಬೀಳುತ್ತಿದ್ದಂತೆ ನೀರು ಕುದಿ ಬಂದ ಹಾಗೆ ಮರಳಿತು. ಕೆಳಗೆ ಬೆನ್ನುಗಳು, ಬಾಲಗಳು. ನಾನು ಸೀರೆ ಎತ್ತಿ ಕಟ್ಟಿಕೊಂಡು ಬಂಡೆಯ ತುದಿಯವರೆಗೆ ಹೋಗಿಬಿಟ್ಟಿದ್ದೆನಂತೆ. ದೊಡ್ಡಹನುಮಯ್ಯನವರು, "ಅವ್ವಾ, ನೀವೂ ಬಿದ್ರೆ ಲೆಕ್ಕ ತಪ್ತದೆ, ಹಿಂದಕ್ ಬನ್ನಿ," ಎಂದು ಕೂಗಿದ ಮೇಲೆ ಗೊತ್ತಾಯಿತು.

ಮಧ್ಯಾಹ್ನದ ಹೊತ್ತಿಗೆ ಮೂವರು ಮುದುಕರ ಗಾಳಕ್ಕೆ ಹತ್ತು ಮೀನು. ಇಸ್ಮತ್‌ಗೆ ಬಿದ್ದ ನಾಲ್ಕನ್ನು ಅವಳೇ ಲೆಕ್ಕದಿಂದ ಹೊರಗಿಡಿಸಿದಳು. "ಮುಂಚೆ ನಾನಿರ್ನಿಲ್ಲ ಅಲ್ವಾ? ಸೇರ್ಸುದ್ರೆ ಮೋಸ ಆಗ್ತದೆ."

ಖಾಸಿಂ ಸಾಬರು ಬುಟ್ಟಿ ಬಗ್ಗಿಸಿ ನೋಡಿದರು. "ಹತ್ತೇನೋ ಹತ್ತು. ಆದ್ರೆ ಬರೀ ಜಿಲೇಬಿ ಕಣಯ್ಯಾ. ಗೆಂಡೆ ಎಲ್ಲಿ? ಕೊರವ ಎಲ್ಲಿ?" ಜಿಲೇಬಿ ಅಂದರೆ ಕೆರೆಗಳಿಗೆ ಬಿಟ್ಟದ್ದು ಕೋಡಿ ಹರಿದಾಗ ಹೊಳೆಗಿಳಿದ ಮೀನು, ಎಂಥ ನೀರಿನಲ್ಲೂ ಬದುಕುತ್ತದೆ. ಆ ಬುಟ್ಟಿಯಲ್ಲಿ ಹೊಳೆಯ ಸ್ವಂತ ಮೀನು ಒಂದೂ ಇರಲಿಲ್ಲ.

ಮಾರ್ಚ್ 9, ಸೋಮವಾರ

ರಜೆ ಹಾಕಿ ಒಂಬತ್ತು ಪುಸ್ತಕವನ್ನೂ ಮತ್ತೆ ಓದಿದೆ. ಹಿಂದೆ ನಾನು ಒಟ್ಟು ಸಂಖ್ಯೆಯನ್ನಷ್ಟೇ ತೆಗೆದುಕೊಂಡಿದ್ದೆ. ಅಪ್ಪ ಹೆಸರು ಹೆಸರಾಗಿ ಬರೆದಿದ್ದರು. ನಾನು ಕೂಡಿಸಿ ಹೆಸರು ಅಳಿಸಿದ್ದೆ.

ಬಾಳೆಮೀನು ಕೊನೆಯ ಸಲ ಬಿದ್ದದ್ದು 1974ರಲ್ಲಿ. ಕೊರವ 1981. ಗೆಂಡೆ ವರ್ಷ ವರ್ಷವೂ ಒಂದೊಂದೇ ಕಡಿಮೆಯಾಗುತ್ತ 1986ಕ್ಕೆ ನಿಂತಿದೆ. ಅವು ಹೋದ ಜಾಗವನ್ನು ಜಿಲೇಬಿ ತುಂಬಿದ್ದರಿಂದ ಒಟ್ಟು ಹನ್ನೊಂದೇ ಉಳಿದಿತ್ತು. ಹೊಳೆ ಖಾಲಿಯಾದದ್ದು ನನ್ನ ಗೆರೆ ನೆಟ್ಟಗೆ ಹೋಗುತ್ತಿದ್ದ ವರ್ಷಗಳಲ್ಲಿ, ದಡದಲ್ಲಿ ಐದೇ ಶೆಡ್ಡಿದ್ದಾಗ. ಮದ್ದೋ, ಮರಳೋ, ಕಟ್ಟೆಯೋ, ಮೂರೂ ಸೇರಿಯೋ, ಈ ಪುಸ್ತಕಗಳು ಹೇಳಲಾರವು. 1992ರಲ್ಲಿ ಆದದ್ದು ಒಂದು ಟೆಂಪೋ ಬಂದದ್ದು, ಅಷ್ಟೆ.

ಅವಳು ಹೇಳಿದ್ದು ಸರಿ. ಮೊದಲ ದಿನವೇ ನನಗೆ ಗೊತ್ತಿತ್ತು. ಪುರಾವೆ ಸಾಲದೆಂದು ನಾನು ಬಿಟ್ಟದ್ದಲ್ಲ. ಹೇಳಿದವಳು ಅವಳಾದ್ದರಿಂದ, ಕೇಳಿ ಅಪ್ಪ ಹಾಗೆ ನಕ್ಕದ್ದರಿಂದ.

ಸಂಜೆ ಅಪ್ಪ ಬಂದು ಬಾಗಿಲಲ್ಲಿ ನಿಂತರು. "ಯಾಕವ್ವಾ, ಮಧ್ಯಾಹ್ನನೂ ಉಣ್ನಿಲ್ಲ? ಏನೈತೆ ಮನಸ್ನಾಗೆ, ಹೇಳ್ಬುಡು." ಹೇಳಿದೆ. ಬಿಟ್ಟ ವಾಕ್ಯವನ್ನೂ, ಆಡಿದ ಸುಳ್ಳನ್ನೂ. ಅಪ್ಪ ಒಳಗೆ ಬಂದು ಮೇಜಿನ ಮೇಲಿನ ಪುಸ್ತಕಗಳನ್ನು ಒಂದೊಂದಾಗಿ ಮುಚ್ಚಿದರು. "ನಂಗೇಳಿದ್ರೆ ಏನ್ ಬಂತು. ನಾನೇನ್ ಶೆಡ್ಡಿಟ್ಟಿದೀನಾ? ಅವ್ರಿಗೇಳು," ಅಂದರು. ಆಮೇಲೆ ಇಬ್ಬರೂ ಮುದ್ದೆ ಉಂಡೆವು.

ಮಾರ್ಚ್ 15, ಭಾನುವಾರ

ಹೇಳಿದೆ. ಮೋರಿಗುಂಡಿಯಲ್ಲೇ, ಎಲ್ಲರೆದುರು. ಹಳೆಯ ಅರ್ಜಿಯ ಆ ವಾಕ್ಯವನ್ನು ಓದಿ, ಕನ್ನಡದಲ್ಲಿ ಅರ್ಥ ಹೇಳಿದೆ.

ದೊಡ್ಡಹನುಮಯ್ಯನವರು ಗಾಳವನ್ನು ಸುಮ್ಮನೆ ಮೇಲೆಳೆದುಕೊಂಡರು. ಖಾಸಿಂ ಸಾಬರು, "ನಾನ್ ಸೈನ್ ಹಾಕಿವ್ನಿ ಇದ್ಕೆ?" ಎಂದು ಒಂದೇ ಸಲ ಕೇಳಿದರು. ಆಮೇಲೆ ಅಪ್ಪನ ಕಡೆ ನೋಡಿದರು. ಅಪ್ಪ ತಲೆ ತಗ್ಗಿಸಿದ್ದರು. ಆ ಎರಡು ಮುಖಗಳನ್ನು ನಾನು ಮರೆಯಲಾರೆ.

ಇಸ್ಮತ್‌ಳ ಮುಖ ಕೆಂಪಾಯಿತು. "ಯಾಕೆ?"

ನನ್ನಲ್ಲಿ ಉತ್ತರ ಸಿದ್ಧವಾಗಿತ್ತು: ಅಂಕಿ ತಪ್ಪಾಗಿತ್ತು, ಗ್ರಾಫ್ ತಪ್ಪಾಗಿತ್ತು. "ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು," ಎಂದೆ.

"ನನ್ ಮೇಲಾ?" ಒಮ್ಮೆ ತನ್ನ ಸುಕ್ಕುಗಟ್ಟಿದ ಬೆರಳು ನೋಡಿಕೊಂಡಳು. "ಕಾಲೇಜ್ ಓದಿದೋರು, ಫ್ಯಾನ್ ಕೆಳ್ಗೆ ಕುಂತು ಸಂಬ್ಳ ತಗೊಳೋರು, ನನ್ ಮೇಲೆ ಹೊಟ್ಟೆಕಿಚ್ಚು! ಹದ್ನಾಕ್ ಮನೆ ಒಲೆ ಆರ್ಸಾಕ್ ಹೊಂಟಿದ್ರಲ್ಲ ಟೀಚರಮ್ಮ. ಹೊಟ್ಟೆಕಿಚ್ಚಿದ್ರೆ ಬಂದು ಎರಡ್ ಬೈದೋಗ್ಬೇಕಿತ್ತು."

ಕೋಲನ್ನು ಬಂಡೆಗೆ ಒರಗಿಸಿ ಮೇಲೆ ಹತ್ತಿ ಹೋದಳು. ಆ ವಾಕ್ಯ ತೆಗೆದು ಈ ವಾರ ಬರೆದಿದ್ದ ಹೊಸ ಅರ್ಜಿಯನ್ನು ನಾನು ಇದ್ರೀಸ್‌ನ ಕೈಗೆ ಕೊಟ್ಟು ಬಂದೆ.

ಮಾರ್ಚ್ 19, ಗುರುವಾರ

ಸುದ್ದಿಯಿಲ್ಲ. ಸ್ಟಾಫ್‌ರೂಮಿನ ಕಿಟಕಿಯಿಂದ ದಡದ ಶೆಡ್ಡುಗಳ ಹೊಗೆ ಕಾಣುತ್ತದೆ. ಇಷ್ಟು ದಿನ ಕಾಣುತ್ತಿರಲಿಲ್ಲವೆ?

ಮಾರ್ಚ್ 22, ಭಾನುವಾರ

ಬೆಳಗ್ಗೆ ಇಸ್ಮತ್ ಬಂದಳು. ಈ ಸಲ ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯಲ್ಲೇ ಕೂತಳು. ಅರ್ಜಿಯನ್ನು ಬಜಾರಿನ ಟೈಪಿಂಗ್ ಅಂಗಡಿಯವನ ಹತ್ತಿರ ಒಮ್ಮೆ, ತನ್ನ ತಮ್ಮನ ಸ್ನೇಹಿತನಾದ ವಕೀಲರ ಗುಮಾಸ್ತನ ಹತ್ತಿರ ಇನ್ನೊಮ್ಮೆ ಓದಿಸಿದ್ದಾಳೆ. "ಇಬ್ರೂ ಒಂದೇ ಹೇಳುದ್ರು. ಹಂಗಾಗಿ ಬಂದಿವ್ನಿ," ಎಂದಳು. ಕೆನ್ನೆಗೆ ಹೊಡೆದಂತಾಯಿತು. ಹೊಡೆಸಿಕೊಳ್ಳಬೇಕಾದ್ದೇ.

"ಒಂದು ಬಿಟ್ಟೋಗೈತೆ," ಎಂದಳು. "ನಮ್ ಶೆಡ್ಡಿನ್ ಬಿಸಿನೀರು, ಗೂಡ್ ಬೇಯ್ಸಾಕ್ ಹಾಕೋ ಸೋಡಾ ನೀರು ಹೊಳೆಗೇ ಹೋಗ್ತದೆ. ಅದೂ ಬರೀರಿ."

"ಅದನ್ನು ಬರೆದರೆ ನಿಮಗೇ ತೊಂದರೆಯಾಗಬಹುದು ಇಸ್ಮತ್. ಬೇಕೆಂದೇ ಬಿಟ್ಟಿದ್ದೆ."

"ನಮ್ಗೋಸ್ಕರ ಬಿಟ್ರಾ? ಆವಾಗ ಒಂದ್ ಬಿಟ್ರಿ, ಈಗ ಇನ್ನೊಂದ್ ಬಿಟ್ರಿ. ನಿಮ್ಗೆ ಬಿಡೋದೇ ಚಾಳಿ." ನಗಲಿಲ್ಲ. "ಮೋರಿಗೊಂದು ಸೋಸು ತೊಟ್ಟಿ ಕಟ್ಸಿಕೊಡಿ, ಅರ್ಧ ಖರ್ಚು ನಾವ್ ಹಾಕ್ತೀವಿ ಅಂತ ಬರೀರಿ. ಹದ್ನಾಕ್ ಮನೆಯೋರೂ ಒಪ್ಪವ್ರೆ."

ಬರೆದೆ. ಅವಳು ಪಕ್ಕದಲ್ಲಿ ನಿಂತು, ಒಂದೊಂದು ವಾಕ್ಯಕ್ಕೂ "ಇದೇನಂದ್ರಿ?" ಎಂದು ಕೇಳಿದಳು. ಮಧ್ಯೆ ಅಪ್ಪ ಮೂವರಿಗೂ ಕಾಫಿ ತಂದರು. ಅರ್ಜಿಯಲ್ಲಿ ಈಗ 'ಗೊತ್ತಿಲ್ಲ' ಎಂಬ ಮಾತು ನಾಲ್ಕು ಕಡೆ ಬರುತ್ತದೆ. ತೂಕ ಕಡಿಮೆಯಾಗಿದೆಯೋ ಏನೋ. ಶೆಡ್ಡುಗಳು ಉಳಿಯುತ್ತವೆಯೋ, ಅದೂ ಗೊತ್ತಿಲ್ಲ. ಟೆಂಪೋದ ವಿಷಯ ಮೊದಲ ಪುಟದಲ್ಲೇ ಇದೆ, ಕಂಡುಹಿಡಿದವಳ ಹೆಸರಿನ ಸಮೇತ. ಖಾಸಿಂ ಸಾಬರು ಇವತ್ತು ಇನ್ನೊಬ್ಬರ ಹತ್ತಿರ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿದರು. ನನ್ನ ಜೊತೆ ಮಾತಾಡಲಿಲ್ಲ. ಇಸ್ಮತ್‌ಳ ಸಹಿ ಅವರದ್ದಕ್ಕಿಂತ ದೊಡ್ಡದಾಗಿದೆ.

ಹೊಟ್ಟೆಕಿಚ್ಚು ಹೋಯಿತೆ ಎಂದು ನನ್ನನ್ನೇ ಕೇಳಿಕೊಂಡೆ. ಇಲ್ಲ. ತನ್ನ ಮೋರಿಯ ನೀರನ್ನು ತಾನೇ ಬರೆಸಲು ಬಂದವಳನ್ನು ನೋಡಿ ಈಗ ಇನ್ನೊಂದು ಬಗೆಯದು ಹುಟ್ಟಿಕೊಂಡಿದೆ. ಕೋಲಿನದಕ್ಕಿಂತ ಇದನ್ನು ಹೊರುವುದು ಕಷ್ಟ.

ನಾಳೆಯೇ ರಿಜಿಸ್ಟರ್ ಮಾಡಿ ಕಳಿಸುತ್ತೇನೆ ಅಂದೆ. ಇಸ್ಮತ್ ಒಪ್ಪಲಿಲ್ಲ. ನಾಳೆ, ನಾಡಿದ್ದು ಅವಳಿಗೆ ಒಲೆ ಬಿಟ್ಟು ಬರಲಾಗದು. ಬುಧವಾರ ಹತ್ತು ಗಂಟೆಗೆ ಅಂಚೆ ಕಚೇರಿಯ ಬಾಗಿಲಲ್ಲಿ ನಿಂತಿರುತ್ತಾಳಂತೆ. ಲಕೋಟೆಯನ್ನು ಅವಳೆದುರಿಗೇ ಅಂಟಿಸಬೇಕು, ರಸೀದಿ ಅವಳ ಕೈಗೇ ಕೊಡಬೇಕು.

ಮಾರ್ಚ್ 25, ಬುಧವಾರ

ರಸೀದಿ ಇಸ್ಮತ್‌ಳ ಕೈಯಲ್ಲಿದೆ.